ಹಕ್ಕಿ ತಲೆ ಬಗ್ಗಿಸುವವರೆಗೆ ಕಾಯಿರಿ

ನಾಯಿಮರಿಯನ್ನು ಮುದ್ದಾಡಿ ರೂಢಿಯಾದ ಕೈ ಪಂಜರದೊಳಗೆ ಹೋದಾಗ ಮಾಡುವ ಮೊದಲ ತಪ್ಪೆಂದರೆ ಮೇಲಿನಿಂದ ಇಳಿಯುವುದು. ಗಿಳಿ ಜಾತಿಯ ಪಕ್ಷಿಗಳು ಕಾಡಿನಲ್ಲಿ ಇನ್ನೊಬ್ಬರಿಗೆ ಆಹಾರ. ನೆತ್ತಿಯ ಮೇಲೆ ಹಾಯುವ ನೆರಳು ಅವುಗಳ ಪಾಲಿಗೆ ಗಿಡುಗವೇ. ನನ್ನ ಮೊದಲ ಕಾಕಟೀಲ್ (ಜುಟ್ಟಿರುವ ಸಣ್ಣ ಗಿಳಿ) ಅನ್ನು ನಾನು ಹೀಗೆಯೇ ಕೈಹಾಕಿ ಹಿಡಿದಿದ್ದೆ. ಹಿಡಿದದ್ದು ಅರ್ಧ ನಿಮಿಷ. ಆ ಭಯ ಬಿಡಿಸಲು ಎರಡು ತಿಂಗಳು ಬೇಕಾಯಿತು.

ಹಕ್ಕಿ ಮನೆಗೆ ಬಂದ ಮೊದಲ ಕೆಲವು ದಿನ ನೀರು, ಕಾಳು ಬದಲಿಸುವುದಷ್ಟೇ ನಿಮ್ಮ ಕೆಲಸ. ಪಂಜರದ ಒಂದು ಬದಿ ಗೋಡೆಗೆ ತಾಗಿರಲಿ. ಪಕ್ಕದಲ್ಲಿ ಕುಳಿತು ಪತ್ರಿಕೆ ಓದಿ, ಗಟ್ಟಿಯಾಗಿ ಓದಿದರೂ ಅಡ್ಡಿಯಿಲ್ಲ, ಆದರೆ ಅದನ್ನೇ ದಿಟ್ಟಿಸುತ್ತ ಕೂರಬೇಡಿ. ನೀವು ಇರುವಾಗಲೂ ಅದು ತಿನ್ನುತ್ತ, ಗರಿ ತೀಡಿಕೊಳ್ಳುತ್ತ ಇದೆಯೆಂದರೆ ಮುಂದಿನ ಹೆಜ್ಜೆ ಇಡಬಹುದು.

ಆ ಹೆಜ್ಜೆಗೆ ಬೇಕಾದದ್ದು ಒಂದು ನವಣೆ ತೆನೆ. ಮೊದಲು ಸರಳುಗಳ ಆಚೆಯಿಂದ, ತೆನೆಯ ತುದಿ ಹಿಡಿದು ಚಾಚಿ. ದಿನಕ್ಕೆ ಎರಡು ಬಾರಿ, ಐದು-ಹತ್ತು ನಿಮಿಷ ಸಾಕು. ದಿನ ಕಳೆದಂತೆ ತೆನೆಯನ್ನು ಗಿಡ್ಡವಾಗಿ ಹಿಡಿಯಿರಿ. ಹಕ್ಕಿ ತಾನಾಗಿ ಬೆರಳಿನ ಹತ್ತಿರ ಬರುತ್ತದೆ. ಬಳಿಕ ಬಾಗಿಲು ತೆರೆದು ಅದನ್ನೇ ಮಾಡಿ. ಕೈ ಯಾವಾಗಲೂ ಹಕ್ಕಿಯ ಎದೆಯ ಮಟ್ಟದಲ್ಲಿ, ಎದುರಿನಿಂದ ಬರಲಿ.

ಬೆರಳೇರಿಸಲು ತೋರುಬೆರಳನ್ನು ಕಾಲುಗಳ ತುಸು ಮೇಲೆ, ಹೊಟ್ಟೆಯ ಕೆಳಭಾಗಕ್ಕೆ ತಾಗಿಸಿ. ಹತ್ತುವ ಮುನ್ನ ಅದು ಕೊಕ್ಕಿನಿಂದ ಬೆರಳನ್ನು ಹಿಡಿದು ನೋಡುತ್ತದೆ. ಅದು ಕಚ್ಚುವುದಲ್ಲ, ಕೊಂಬೆ ಗಟ್ಟಿಯಿದೆಯೇ ಎಂಬ ಪರೀಕ್ಷೆ. ಅಲ್ಲಿ ಬೆಚ್ಚಿ ಬೆರಳೆಳೆದುಕೊಂಡಿರೋ, ಪರೀಕ್ಷೆಯಲ್ಲಿ ಫೇಲ್ ಆದವರು ನೀವು. ನಿಜವಾಗಿಯೇ ಕಚ್ಚಿದರೆ ಕೂಗಾಡಬೇಡಿ. ಕೆಲವು ಹಕ್ಕಿಗಳಿಗೆ ನಿಮ್ಮ ಕೂಗೇ ಮೋಜು. ಮೈಗೆ ಗರಿ ಅಂಟಿಸಿಕೊಂಡು ಸೆಟೆದು ನಿಂತರೆ, ಗಿಳಿಯ ಪಾಪೆ ಹಿಗ್ಗಿ ಕುಗ್ಗುತ್ತಿದ್ದರೆ, ಕಾಕಟೀಲ್‌ನ ಜುಟ್ಟು ತಲೆಗೆ ಒರಗಿ ಬುಸುಗುಟ್ಟಿದರೆ, ಅಂದಿಗೆ ಅಷ್ಟೇ.

ಇನ್ನು ಸವರುವ ವಿಷಯ. ಹಕ್ಕಿ ಹತ್ತಿರ ಬಂದು, ಕತ್ತು ಬಗ್ಗಿಸಿ, ತಲೆಯ ಗರಿಗಳನ್ನು ಉಬ್ಬಿಸಿ, ಕಣ್ಣು ಅರೆಮುಚ್ಚಿ ನಿಂತರೆ ಅದು ಕೇಳುತ್ತಿದೆ ಎಂದರ್ಥ. ಬೆರಳ ತುದಿಯಿಂದ ಕೆನ್ನೆ, ಕಿವಿಯ ಸುತ್ತ, ಕತ್ತಿನ ಹಿಂದೆ ಗರಿಗಳ ಬುಡ ಸಿಗುವಂತೆ ಮೃದುವಾಗಿ ಕೆರೆಯಿರಿ. ಗರಿ ಉದುರುವ ಕಾಲದಲ್ಲಿ ಅಲ್ಲಿ ಸಣ್ಣ ಮುಳ್ಳಿನಂಥ ಹೊಸ ಗರಿಗಳು ಸಿಗುತ್ತವೆ. ಅವುಗಳೊಳಗೆ ರಕ್ತವಿರುತ್ತದೆ, ಒತ್ತಿದರೆ ನೋವು. ಮೂರು-ನಾಲ್ಕು ಸೆಕೆಂಡ್ ಕೆರೆದು ಕೈ ನಿಲ್ಲಿಸಿ. ಇನ್ನೂ ಬೇಕಿದ್ದರೆ ತಲೆಯನ್ನು ಬೆರಳಿಗೆ ಒತ್ತುತ್ತದೆ. ಇಲ್ಲವೆಂದರೆ ಮೈ ಕೊಡವಿಕೊಂಡು ಹೋಗುತ್ತದೆ, ಹೋಗಲಿ ಬಿಡಿ.

ಬೆನ್ನು, ರೆಕ್ಕೆಯ ಅಡಿ, ಹೊಟ್ಟೆ, ಬಾಲದ ಬುಡವನ್ನು ಮಾತ್ರ ಸವರಬೇಡಿ, ಹಕ್ಕಿಗೆ ಹಿತವೆನಿಸುವಂತೆ ಕಂಡರೂ. ಅಲ್ಲಿನ ಸ್ಪರ್ಶವನ್ನು ಅದು ಜೋಡಿಯ ಕರೆಯೆಂದು ತಿಳಿಯುತ್ತದೆ. ಪರಿಣಾಮವಾಗಿ ಸಿಡುಕು, ಮನೆಯ ಉಳಿದವರ ಮೇಲೆ ದಾಳಿ, ಹೆಣ್ಣಾದರೆ ಬಿಟ್ಟೂಬಿಡದೆ ಮೊಟ್ಟೆ ಇಡುವುದು. ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಮುಷ್ಟಿಯಲ್ಲಿ ಅಪ್ಪುವುದೂ ಬೇಡ: ಹಕ್ಕಿಗೆ ನಮ್ಮಂತೆ ಉಸಿರೆಳೆಯಲು ನೆರವಾಗುವ ವಪೆ (ಎದೆ-ಹೊಟ್ಟೆಗಳ ನಡುವಿನ ಸ್ನಾಯು) ಇಲ್ಲ, ಎದೆಗೂಡು ಅಲುಗಾಡಿದರೆ ಮಾತ್ರ ಉಸಿರು. ಬಾಯಿಂದ ಬಾಯಿಗೆ ತುತ್ತು ಕೊಡುವವರೂ ಇದ್ದಾರೆ. ನಮ್ಮ ಎಂಜಲಿನ ಬ್ಯಾಕ್ಟೀರಿಯಾಗಳಿಂದ ಅದಕ್ಕೆ ಸೋಂಕು ತಗಲಬಹುದು.

ಫಿಂಚ್, ಕ್ಯಾನರಿಯಂಥ ಪುಟ್ಟ ಹಾಡುಹಕ್ಕಿಗಳಿಗೆ ಸಾಮಾನ್ಯವಾಗಿ ಸವರಿಸಿಕೊಳ್ಳುವುದೇ ಹಿಡಿಸದು. ನೀವು ಪಂಜರದ ಬಳಿ ಬಂದಾಗಲೂ ಹಾಡು ನಿಲ್ಲಿಸದಿದ್ದರೆ, ಅವು ನಿಮ್ಮನ್ನು ನಂಬಿವೆ.