ಕೊನೆಯ ಸೆಲ್‌ನಲ್ಲಿ ಫೀಲ್ಡ್ ಜಾಸ್ತಿ ಯಾಕೆ ಕಾಣಿಸುತ್ತಿತ್ತು?

ನಮ್ಮದು ಒಂಬತ್ತು ಸೆಲ್‌ನ ತಾಮ್ರದ ಮಾದರಿ ಕ್ಯಾವಿಟಿ (ಕಣ ವೇಗವರ್ಧಕದಲ್ಲಿ ಕಣಗಳಿಗೆ ವೇಗ ಕೊಡುವ ಟೊಳ್ಳು ಕೊಳವೆ; ಅದರ ಒಂದೊಂದು ಉಬ್ಬು ಕೋಣೆಯೇ ಒಂದು ಸೆಲ್), 1.3 ಗಿಗಾಹರ್ಟ್ಸ್‌ನದು. ಎಲ್ಲಾ ಸೆಲ್‌ಗಳಲ್ಲೂ ವಿದ್ಯುತ್ ಕ್ಷೇತ್ರ ಸಮವಾಗಿರಬೇಕು. ಅದನ್ನು ಅಳೆಯಲು ನೈಲಾನ್ ದಾರಕ್ಕೆ ಲೋಹದ ಸಣ್ಣ ಮಣಿ ಕಟ್ಟಿ, ಕ್ಯಾವಿಟಿಯ ನಡುವೆ ನಿಧಾನವಾಗಿ ಎಳೆಯುತ್ತೇವೆ. ಕ್ಷೇತ್ರ ಬಲವಾಗಿದ್ದಲ್ಲಿ ಕ್ಯಾವಿಟಿಯ ಸಹಜ ಕಂಪನದ ಫ್ರೀಕ್ವೆನ್ಸಿ ಜಾಸ್ತಿ ಇಳಿಯುತ್ತದೆ. ಆ ಇಳಿಕೆಯ ವರ್ಗಮೂಲ ತೆಗೆದರೆ ಕ್ಷೇತ್ರದ ಅಂದಾಜು ಸಿಗುತ್ತದೆ.

ಪ್ರತಿ ಸಲವೂ ಒಂಬತ್ತನೇ ಸೆಲ್ ಬಲವಾಗಿ ಕಾಣುತ್ತಿತ್ತು. ಎರಡು ದಿನ ಸುಮ್ನೆ ಟ್ಯೂನಿಂಗ್ (ಸೆಲ್‌ಗಳ ಆಕಾರವನ್ನು ಚೂರು ಚೂರೇ ಸರಿಪಡಿಸುವುದು) ಮಾಡಿದೆ. ಏನೂ ಬದಲಾಗಲಿಲ್ಲ, ತುಂಬಾ ಬೇಜಾರಾಯಿತು.

ಕೊನೆಗೆ ಮಣಿಯನ್ನು ಉಲ್ಟಾ ದಿಕ್ಕಿನಲ್ಲಿ ಎಳೆದೆ. ಈಗ ಒಂದನೇ ಸೆಲ್ ಬಲವಾಯಿತು! ತಪ್ಪು ಕ್ಯಾವಿಟಿಯದಾಗಿದ್ದರೆ ಜಾಗ ಬದಲಾಗಬಾರದು, ಅಲ್ವಾ? ಮಣಿ ಹೊರಗೆ ಬಂದ ಮೇಲೂ ಫ್ರೀಕ್ವೆನ್ಸಿ ಮೊದಲಿನ ಬೆಲೆಗೆ ಮರಳಿರಲಿಲ್ಲ, 11 ಕಿಲೋಹರ್ಟ್ಸ್ ಕೆಳಗೇ ನಿಂತಿತ್ತು.

ಕಾರಣ ಬಿಸಿ. ಒಂದು ಡಿಗ್ರಿ ಏರಿದರೆ ತಾಮ್ರ ಹಿಗ್ಗಿ, ಈ ಕ್ಯಾವಿಟಿಯ ಫ್ರೀಕ್ವೆನ್ಸಿ ಸುಮಾರು 22 ಕಿಲೋಹರ್ಟ್ಸ್ ಇಳಿಯುತ್ತದೆ. ಅಂದರೆ ಅರ್ಧ ಡಿಗ್ರಿ ಸಾಕು. ಮಣಿಯಿಂದ ಆಗುವ ಇಳಿಕೆಯೇ 60 ಕಿಲೋಹರ್ಟ್ಸ್ ಇರುವಾಗ, ಕೊನೆಗೆ ಅಳೆದ ಸೆಲ್‌ನಲ್ಲಿ ಈ 11 ಸೇರಿದರೆ ಕ್ಷೇತ್ರ ಸುಮಾರು 9% ಜಾಸ್ತಿ ಕಾಣುತ್ತದೆ. ಎಸಿ ಆನ್-ಆಫ್ ಆಗುತ್ತಲೇ ಇತ್ತು, ಅದರ ಗಾಳಿ ನೇರ ಕ್ಯಾವಿಟಿಗೆ ಬಡಿಯುತ್ತಿತ್ತು.

ಕ್ಯಾವಿಟಿಗೆ ದಪ್ಪ ಬಟ್ಟೆ ಹೊದಿಸಿದೆ. ಎಸಿ ಆಫ್ ಮಾಡಿ ಎರಡು ಗಂಟೆ ಕಾದೆ. ಎಳೆಯುವ ಮೊದಲು, ಎಳೆದ ಮೇಲೆ ಫ್ರೀಕ್ವೆನ್ಸಿ ಬರೆದುಕೊಂಡು, ನಡುವಿನ ಜಾರುವಿಕೆಯನ್ನು ಸರಳ ರೇಖೆಯಾಗಿ ಕಳೆದೆ. ಎರಡೂ ದಿಕ್ಕಿನ ಅಳತೆಗಳು ಈಗ ಒಂದರ ಮೇಲೊಂದು ಕೂರುತ್ತಿವೆ. ನಿಜವಾಗಿ ದುರ್ಬಲವಾಗಿದ್ದದ್ದು ನಾಲ್ಕನೇ ಸೆಲ್. ನಾಳೆ ಅದನ್ನೇ ಟ್ಯೂನ್ ಮಾಡುತ್ತೇನೆ.