ಮೊದಲು ಚಿಪ್, ಆಮೇಲೆ ಚುಚ್ಚುಮದ್ದು: ನಾಯಿಯ ಜತೆ ಯುರೋಪಿಗೆ ಹೊರಟವರಿಗೆ

ಕೋವಿಡ್ ವರ್ಷಗಳಲ್ಲಿ ಯುರೋಪಿಗೆ ಹೋಗಿಬಂದವರು ಲಸಿಕೆ ಪತ್ರ ಹಿಡಿದು ಗಡಿಯಿಂದ ಗಡಿಗೆ ಪಟ್ಟ ಪಾಡನ್ನು ಮರೆತಿರಲಿಕ್ಕಿಲ್ಲ. ಯುರೋಪಿಯನ್ ಒಕ್ಕೂಟದ ಆ ಡಿಜಿಟಲ್ ಪ್ರಮಾಣಪತ್ರದ ನಿಯಮ 2023ರ ಜೂನ್ 30ಕ್ಕೆ ಮುಗಿಯಿತು. ಈಗ ಬೆಂಗಳೂರಿನಿಂದ ಹೋಗಿ ಫ್ರಾಂಕ್‌ಫರ್ಟಿನಲ್ಲಿ ಇಳಿದ ಮನುಷ್ಯರನ್ನು ಯಾವ ಲಸಿಕೆ ಹಾಕಿಸಿಕೊಂಡಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಜತೆಯಲ್ಲಿ ನಾಯಿಯೋ ಬೆಕ್ಕೋ ಇದ್ದರೆ ಮಾತ್ರ ಲೆಕ್ಕ ಬೇರೆ. ಅದಕ್ಕೆ ರೇಬಿಸ್ ಲಸಿಕೆಯಾಗಿರಬೇಕು, ಲಸಿಕೆ ಹಿಡಿದಿದೆ ಎಂಬುದಕ್ಕೆ ರಕ್ತದ ಪುರಾವೆ ಬೇಕು, ಎರಡಕ್ಕೂ ದಿನಾಂಕಗಳು ಸರಿಯಾದ ಸರದಿಯಲ್ಲಿ ಕೂರಬೇಕು.

ನಮ್ಮ ಕರಿಯನನ್ನು ಮ್ಯೂನಿಕ್‌ಗೆ ಕರೆದೊಯ್ಯಲು ನಾಲ್ಕೂವರೆ ತಿಂಗಳು ಸಾಕಿತ್ತು. ಹಿಡಿದದ್ದು ಒಂಬತ್ತು ತಿಂಗಳು. ಬೀದಿಯಿಂದ ಮನೆಗೆ ಬಂದ ನಾಯಿ ಅವನು. ಚುಚ್ಚುಮದ್ದೆಂದರೆ ಗೋಡೆಗೆ ಒತ್ತಿಕೊಂಡು ನಡುಗುತ್ತಾನೆ. ನಾವು ಹೋಗುತ್ತಿದ್ದ ದವಾಖಾನೆಯಲ್ಲಿ ಅವನಿಗೆ ಮೊದಲು ರೇಬಿಸ್ ಲಸಿಕೆ ಹಾಕಿದರು, ಹನ್ನೆರಡು ದಿನ ಬಿಟ್ಟು ಗುರುತಿನ ಸಂಖ್ಯೆಯ ಚಿಪ್ ಕೂರಿಸಿದರು. ರಕ್ತಪರೀಕ್ಷೆಯೂ ಚೆನ್ನಾಗಿಯೇ ಬಂತು. ಹೊರಡುವ ಹೊತ್ತಿಗೆ ಕಾಗದ ನೋಡಿದ ಅಧಿಕಾರಿ ಆ ಎರಡು ದಿನಾಂಕಗಳ ಮೇಲೆ ಬೆರಳಿಟ್ಟರು. ಚಿಪ್ ಇಲ್ಲದ ದಿನ ಹಾಕಿದ ಲಸಿಕೆ ಈ ನಾಯಿಗೇ ಹಾಕಿದ್ದು ಎನ್ನಲು ಸಾಕ್ಷಿ ಇಲ್ಲ, ಹಾಗಾಗಿ ಅದು ಲೆಕ್ಕಕ್ಕೆ ಬರುವುದಿಲ್ಲ. ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಿಸಬೇಕಾಯಿತು. ನಾನು ಕೆಲಸಕ್ಕೆ ಹೋಗಿ ಸೇರಿದೆ, ಅವನು ಅಕ್ಕನ ಮನೆಯ ಗೇಟಿನ ಬಳಿ ಕಾಯುತ್ತ ಉಳಿದ. ಅಂಥದ್ದು ಇನ್ನೊಂದು ಮನೆಯ ನಾಯಿಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಚಿಪ್

ಅಕ್ಕಿಕಾಳಿನಷ್ಟು ದೊಡ್ಡ ಗಾಜಿನ ಕೊಳವೆ. ಹೆಗಲುಗಳ ನಡುವೆ ಚರ್ಮದ ಕೆಳಗೆ ಸೂಜಿಯಲ್ಲಿ ಕೂರಿಸುತ್ತಾರೆ. ಐಎಸ್‌ಒ 11784 ಮತ್ತು 11785 ಮಾನದಂಡದ, 15 ಅಂಕಿಯ ಚಿಪ್ ಆಗಿರಬೇಕು. ಬೇರೆ ಬಗೆಯದಾದರೆ ಅದನ್ನು ಓದುವ ಯಂತ್ರವನ್ನು ನೀವೇ ಹೊತ್ತೊಯ್ಯಬೇಕಾಗುತ್ತದೆ. ಕೂರಿಸಿದ ಕೂಡಲೇ ವೈದ್ಯರಿಂದ ಸ್ಕ್ಯಾನ್ ಮಾಡಿಸಿ, ಪರದೆಯಲ್ಲಿ ಕಂಡ ಸಂಖ್ಯೆಯನ್ನು ಸ್ಟಿಕ್ಕರಿನ ಸಂಖ್ಯೆಯೊಂದಿಗೆ ಒಂದೊಂದೇ ಅಂಕಿಯಾಗಿ ತಾಳೆ ನೋಡಿ. ಲಸಿಕೆ ಪುಸ್ತಕ, ರಕ್ತದ ವರದಿ, ಆರೋಗ್ಯ ಪ್ರಮಾಣಪತ್ರ ಎಲ್ಲದರಲ್ಲೂ ಇದೇ ಸಂಖ್ಯೆ ಇರಬೇಕು. ಒಂದು ಅಂಕಿ ಹಿಂದುಮುಂದಾದರೂ ಕಾಗದದ ಮಟ್ಟಿಗೆ ಅದು ಬೇರೊಂದು ನಾಯಿ.

ರೇಬಿಸ್ ಲಸಿಕೆ

ಚಿಪ್ ಹಾಕಿದ ದಿನವೇ ಲಸಿಕೆ ಹಾಕಿಸಬಹುದು, ಚಿಪ್ ಮೊದಲಾಗಿರಬೇಕು ಅಷ್ಟೆ. ಮರಿಗೆ ಕನಿಷ್ಠ 12 ವಾರ ತುಂಬಿರಬೇಕು. ಪುಸ್ತಕದಲ್ಲಿ ಲಸಿಕೆಯ ಹೆಸರು, ತಯಾರಕರು, ಬ್ಯಾಚ್ ಸಂಖ್ಯೆ, ಹಾಕಿದ ದಿನ, ಎಲ್ಲಿಯವರೆಗೆ ಚಾಲ್ತಿ ಎಂಬ ದಿನ, ವೈದ್ಯರ ಸಹಿ ಮತ್ತು ಮೊಹರು ಇರಲೇಬೇಕು. ನಮ್ಮ ಕಡೆ ಎಷ್ಟೋ ಪುಸ್ತಕಗಳಲ್ಲಿ ಬಾಟಲಿಯ ಸ್ಟಿಕ್ಕರ್ ಅಂಟಿಸಿ ಒಂದು ಗೀಟು ಎಳೆದು ಬಿಟ್ಟಿರುತ್ತಾರೆ. ಅದು ಸಾಲದು, ಅಲ್ಲೇ ನಿಂತು ತುಂಬಿಸಿಕೊಂಡು ಬನ್ನಿ.

ಇನ್ನು ಬೂಸ್ಟರ್. ಹಿಂದಿನ ಲಸಿಕೆಯ ಅವಧಿ ಮುಗಿಯುವ ಮೊದಲೇ ಮುಂದಿನದು ಬಿದ್ದರೆ ಸರಪಳಿ ಕಡಿಯುವುದಿಲ್ಲ. ಒಂದೇ ಒಂದು ದಿನ ತಡವಾದರೂ ಅದನ್ನು ಹೊಸ ಲಸಿಕೆ ಎಂದೇ ಎಣಿಸುತ್ತಾರೆ. ಆಗ ಮುಂದೆ ಹೇಳಲಿರುವ ರಕ್ತಪರೀಕ್ಷೆಯೂ ಬಿದ್ದುಹೋಗುತ್ತದೆ, ಕಾಯುವ ಮೂರು ತಿಂಗಳೂ ಮತ್ತೆ ಶುರು. ಡಿಸ್ಟೆಂಪರ್, ಪಾರ್ವೊ, ಲೆಪ್ಟೊಸ್ಪೈರೋಸಿಸ್ ಲಸಿಕೆಗಳನ್ನು ಒಕ್ಕೂಟದ ಪ್ರವೇಶ ನಿಯಮ ಕೇಳುವುದಿಲ್ಲ. ನಾಯಿಯ ಒಳಿತಿಗೆ ಅವು ಬೇಕೇ ಬೇಕು.

ರಕ್ತಪರೀಕ್ಷೆ, ಮೂರು ತಿಂಗಳ ಕಾಯುವಿಕೆ

ಹೆಚ್ಚಿನವರು ಎಡವುವುದು ಇಲ್ಲಿ. ರೇಬಿಸ್ ಹತೋಟಿಯಲ್ಲಿದೆ ಎಂದು ಯುರೋಪಿಯನ್ ಒಕ್ಕೂಟ ಒಪ್ಪಿಕೊಂಡ ದೇಶಗಳ ಒಂದು ಪಟ್ಟಿ ಇದೆ. ಭಾರತ ಅದರಲ್ಲಿ ಇಲ್ಲ. ಪಟ್ಟಿಯ ಹೊರಗಿನ ದೇಶದಿಂದ ಬರುವ ನಾಯಿ, ಬೆಕ್ಕುಗಳಿಗೆ ಪ್ರತಿಕಾಯ ಪರೀಕ್ಷೆ, ಅಂದರೆ ಲಸಿಕೆಯಿಂದ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಎಷ್ಟು ಹುಟ್ಟಿದೆ ಎಂಬ ಅಳತೆ, ಕಡ್ಡಾಯ. ಲಸಿಕೆ ಹಾಕಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆಯಬೇಕು. ಅದನ್ನು ಒಕ್ಕೂಟ ಮಾನ್ಯ ಮಾಡಿದ ಪ್ರಯೋಗಾಲಯಕ್ಕೇ ಕಳಿಸಬೇಕು. ಪ್ರತಿ ಮಿಲಿಲೀಟರಿಗೆ 0.5 ಐಯು (ಪ್ರತಿಕಾಯ ಅಳೆಯುವ ಅಂತರರಾಷ್ಟ್ರೀಯ ಘಟಕ) ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪಾಸು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ತುಂಬಿದ ಮೇಲಷ್ಟೇ ಪ್ರಯಾಣ. ಎಣಿಕೆ ರಕ್ತ ತೆಗೆದ ದಿನದಿಂದ ಶುರುವಾಗುತ್ತದೆ, ವರದಿ ಕೈಗೆ ಬಂದ ದಿನದಿಂದಲ್ಲ.

ವೈದ್ಯರು ರಕ್ತದಿಂದ ಸೀರಂ ಬೇರ್ಪಡಿಸಿ, ತಣ್ಣಗಿಟ್ಟು, ಚಿಪ್ ಸಂಖ್ಯೆ ಬರೆದ ಅರ್ಜಿಯ ಜತೆ ಕಳಿಸಿಕೊಡುತ್ತಾರೆ. ಯಾವ ಪ್ರಯೋಗಾಲಯ ಎಂಬುದನ್ನು ಯುರೋಪಿಯನ್ ಆಯೋಗದ ಮಾನ್ಯತಾ ಪಟ್ಟಿಯಲ್ಲಿ ನೀವೇ ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಿ. ಈ ಪ್ರಯೋಗಾಲಯಗಳ ಗುಣಮಟ್ಟವನ್ನು ಒರೆಗೆ ಹಚ್ಚುವುದು ಫ್ರಾನ್ಸಿನ ನಾನ್ಸಿ ಎಂಬ ಊರಿನ ಸಂಸ್ಥೆ. ಮಾನ್ಯತೆ ಇಲ್ಲದ ಕಡೆ ಮಾಡಿಸಿದ ಪರೀಕ್ಷೆ ಎಷ್ಟೇ ಚೆನ್ನಾಗಿ ಬಂದರೂ ಗಡಿಯಲ್ಲಿ ಅದಕ್ಕೆ ಬೆಲೆಯಿಲ್ಲ.

ಇಷ್ಟೆಲ್ಲ ಬಿಗಿ ಏಕೆ? ಲಸಿಕೆಗೆ ಮೊದಲೇ ನಾಯಿಗೆ ಸೋಂಕು ತಗುಲಿದ್ದರೆ ಅದು ವಾರಗಟ್ಟಲೆ, ತಿಂಗಳುಗಟ್ಟಲೆ ಒಳಗೇ ಅಡಗಿರಬಲ್ಲದು. ಮೂರು ತಿಂಗಳು ಕಾದರೆ ಅದು ಹೊರಬೀಳುವ ಸಂಭವ ಹೆಚ್ಚು. ರೇಬಿಸ್ ಹೆಸರು ಕೇಳಿದರೆ ನಮ್ಮಲ್ಲಿ ಬೀದಿನಾಯಿ ಕಣ್ಣಿಗೆ ಬರುತ್ತದೆ. ಪಶ್ಚಿಮ ಯುರೋಪಿನಲ್ಲಿ ಆ ರೋಗವನ್ನು ಹೊತ್ತು ತಿರುಗಿದ್ದು ಕಾಡಿನ ನರಿ. ನರಿಯನ್ನು ಹಿಡಿದು ಸೂಜಿ ಚುಚ್ಚಲಾದೀತೆ? 1978ರಲ್ಲಿ ಸ್ವಿಟ್ಜರ್‌ಲೆಂಡಿನವರು ರೋನ್ ನದಿಯ ಕಣಿವೆಯಲ್ಲಿ ಕೋಳಿತಲೆಗಳೊಳಗೆ ಲಸಿಕೆ ಇಟ್ಟು ಕಾಡಿಗೆ ಎಸೆದು ನೋಡಿದರು. ನರಿಗಳು ತಿಂದವು, ರೋಗ ಆ ಕಣಿವೆಯನ್ನು ದಾಟಲಿಲ್ಲ. ಆಮೇಲೆ ದೇಶದಿಂದ ದೇಶಕ್ಕೆ ಈ ಉಪಾಯ ಹಬ್ಬಿತು. ಸ್ವಿಟ್ಜರ್‌ಲೆಂಡ್ 1999ರಲ್ಲಿ, ಫ್ರಾನ್ಸ್ 2001ರಲ್ಲಿ, ಜರ್ಮನಿ 2008ರಲ್ಲಿ ರೇಬಿಸ್‌ಮುಕ್ತ ಎನಿಸಿಕೊಂಡವು. ಅದೇ 2008ರಲ್ಲಿ ಮೊರಾಕ್ಕೊದಿಂದ ನಿಯಮ ಮೀರಿ ತಂದ ಒಂದು ನಾಯಿಯಿಂದ ಫ್ರಾನ್ಸಿನ ನಾಯಿಗಳಿಗೆ ರೋಗ ತಗುಲಿ ಆ ದೇಶ ತನ್ನ ಹೆಗ್ಗಳಿಕೆಯನ್ನು ಕಳೆದುಕೊಂಡಿತು. ಮರಳಿ ಪಡೆಯಲು 2010ರವರೆಗೆ ಕಾಯಬೇಕಾಯಿತು. ಮೂವತ್ತು ವರ್ಷದ ದುಡಿಮೆಯನ್ನು ಒಂದು ನಾಯಿ ಅಲುಗಿಸಿಬಿಡಬಲ್ಲದು ಎಂಬುದು ತಿಳಿದ ಮೇಲೆ ನನಗೆ ಆ ಅಧಿಕಾರಿಯ ಮೇಲೆ ಸಿಟ್ಟು ಉಳಿಯಲಿಲ್ಲ.

ಇನ್ನು ಕ್ಯಾಲೆಂಡರ್ ಹಾಕೋಣ. ಜನವರಿ 5ರಂದು ಚಿಪ್, ಅಂದೇ ಲಸಿಕೆ. ಫೆಬ್ರುವರಿ 6ಕ್ಕೆ ರಕ್ತ. ಮೇ 6ಕ್ಕೆ ಮೂರು ತಿಂಗಳು ತುಂಬುತ್ತದೆ. ಎರಡು ವಾರ ಕೈಯಲ್ಲಿಟ್ಟುಕೊಂಡು ಮೇ 20ಕ್ಕೆ ಟಿಕೆಟ್. ರಕ್ತದಲ್ಲಿ ಪ್ರತಿಕಾಯ ಕಡಿಮೆ ಬಂದು ಮತ್ತೆ ಲಸಿಕೆ ಹಾಕಿಸಬೇಕಾಗುವುದೂ ಉಂಟು. ಹಾಗಾಗಿ ವರದಿ ಕೈಗೆ ಬರುವ ಮೊದಲು ಟಿಕೆಟ್ ಕೊಳ್ಳಬೇಡಿ.

ಆರೋಗ್ಯ ಪ್ರಮಾಣಪತ್ರ

ಇದನ್ನು ಖಾಸಗಿ ವೈದ್ಯರು ಕೊಟ್ಟರೆ ನಡೆಯದು, ಸರ್ಕಾರಿ ಅಧಿಕಾರಿಯ ಸಹಿ ಬೇಕು. ನಮ್ಮಲ್ಲಿ ಆ ಕೆಲಸ ಕೇಂದ್ರ ಸರ್ಕಾರದ ಎಕ್ಯೂಸಿಎಸ್‌ನದು, ಅಂದರೆ ಪ್ರಾಣಿಗಳ ಕ್ವಾರಂಟೈನ್ ಮತ್ತು ಪ್ರಮಾಣಪತ್ರ ಸೇವೆ. ಬೆಂಗಳೂರಿನಲ್ಲೂ ಕಚೇರಿಯಿದೆ. ಒಕ್ಕೂಟ ನಿಗದಿ ಮಾಡಿದ ನಮೂನೆಯಲ್ಲೇ ಪತ್ರ ಇರಬೇಕು. ನೀವು ಮೊದಲು ಕಾಲಿಡುವ ದೇಶದ ಭಾಷೆ ಮತ್ತು ಇಂಗ್ಲಿಷ್ ಎರಡೂ ಅದರಲ್ಲಿರಬೇಕು. ಫ್ರಾಂಕ್‌ಫರ್ಟಿನಲ್ಲಿ ಇಳಿಯುವಿರಾದರೆ ಜರ್ಮನ್-ಇಂಗ್ಲಿಷ್ ನಮೂನೆ. ಕೊನೆಗಳಿಗೆಯಲ್ಲಿ ಟಿಕೆಟ್ ಬದಲಾಗಿ ಪ್ಯಾರಿಸ್ ಮೂಲಕ ಹೋಗುವಂತಾದರೆ ಫ್ರೆಂಚ್-ಇಂಗ್ಲಿಷ್ ನಮೂನೆ ಬೇಕಾಗುತ್ತದೆ. ವಿಮಾನ ಬದಲಿಸುವಾಗ ಇದು ಯಾರಿಗೂ ಹೊಳೆಯುವುದಿಲ್ಲ, ಬರೆದಿಟ್ಟುಕೊಳ್ಳಿ.

ಸಹಿ ಬಿದ್ದ ದಿನದಿಂದ 10 ದಿನದೊಳಗೆ ಯುರೋಪಿನ ಗಡಿಯಲ್ಲಿ ತಪಾಸಣೆ ಮುಗಿಯಬೇಕು. ಒಮ್ಮೆ ಒಳಗೆ ಬಿಟ್ಟರೆಂದರೆ ಅದೇ ಪತ್ರದ ಮೇಲೆ ನಾಲ್ಕು ತಿಂಗಳು ಒಕ್ಕೂಟದ ದೇಶದಿಂದ ದೇಶಕ್ಕೆ ತಿರುಗಬಹುದು. ಅದಕ್ಕೂ ಮೊದಲೇ ಲಸಿಕೆಯ ಅವಧಿ ಮುಗಿದರೆ ಪತ್ರದ ಆಯುಷ್ಯವೂ ಅಂದಿಗೇ ಮುಗಿಯುತ್ತದೆ.

ನಾಯಿ ಹೊರಡುವ ದಿನದ ಹಿಂದುಮುಂದಿನ 5 ದಿನಗಳೊಳಗೆ ಮಾಲೀಕರೂ ಅದೇ ಪ್ರಯಾಣ ಮಾಡಬೇಕು. ನಾನು ಮೊದಲೇ ಹೋಗಿದ್ದೆನಲ್ಲ, ಕರಿಯನನ್ನು ಹಿಂದಿನಿಂದ ಒಬ್ಬನೇ ಕಳಿಸಿದ್ದರೆ ಅದು ವ್ಯಾಪಾರದ ಸಾಗಣೆಯ ನಿಯಮಕ್ಕೆ ಬೀಳುತ್ತಿತ್ತು. ಅದಕ್ಕಾಗಿ ರಜೆ ಹಾಕಿ ಊರಿಗೆ ಬಂದು ಜತೆಯಲ್ಲೇ ಹೋದೆ. ಒಬ್ಬರಿಗೆ ಐದು ಪ್ರಾಣಿಗಳವರೆಗೆ ಅವಕಾಶವಿದೆ.

ಗಡಿಯಲ್ಲಿ

ಭಾರತದಿಂದ ಬರುವ ಪ್ರಾಣಿಗಳು ಗೊತ್ತುಮಾಡಿದ ನಿಲ್ದಾಣಗಳಲ್ಲೇ ಇಳಿಯಬೇಕು. ಫ್ರಾಂಕ್‌ಫರ್ಟ್, ಮ್ಯೂನಿಕ್ ಅಂಥವು. ಸಣ್ಣ ವಿಮಾನ ನಿಲ್ದಾಣಕ್ಕೆ ಅಗ್ಗದ ಟಿಕೆಟ್ ಸಿಕ್ಕಿತೆಂದು ಹಿಗ್ಗುವ ಮೊದಲು ಆ ಪಟ್ಟಿ ನೋಡಿ. ಇಳಿದ ಮೇಲೆ ಸುಂಕದವರ ಕೆಂಪು ದಾರಿ ಹಿಡಿದು ನೀವೇ ಹೋಗಿ ತೋರಿಸಬೇಕು. ಚಿಪ್ ಓದುತ್ತಾರೆ, ಕಾಗದ ತಿರುವುತ್ತಾರೆ. ಎಲ್ಲ ಸರಿಯಿದ್ದರೆ ಹೆಚ್ಚು ಹೊತ್ತಿನ ಕೆಲಸವಲ್ಲ. ಸರಿಯಿಲ್ಲದಿದ್ದರೆ ನಾಯಿಯನ್ನು ವಾಪಸು ಕಳಿಸುತ್ತಾರೆ, ಇಲ್ಲವೇ ನಿಮ್ಮ ಖರ್ಚಿನಲ್ಲಿ ಪ್ರತ್ಯೇಕವಾಗಿ ಇಡುತ್ತಾರೆ. ಬೇರೆ ದಾರಿಯೇ ಇಲ್ಲವಾದಾಗ ದಯಾಮರಣಕ್ಕೂ ಕಾನೂನಿನಲ್ಲಿ ಅವಕಾಶವಿದೆ. ಹೆದರಿಸಲು ಹೇಳುತ್ತಿಲ್ಲ. ತಪ್ಪು ನಮ್ಮದಾದರೂ ಅನುಭವಿಸುವುದು ಮೂಕಪ್ರಾಣಿ, ಅದಕ್ಕೆ ಹೇಳುತ್ತಿದ್ದೇನೆ.

ತಳಿಯ ಮಾತೂ ಇದೆ. ಪಿಟ್‌ಬುಲ್, ಅಮೆರಿಕನ್ ಸ್ಟಾಫರ್ಡ್‌ಶೈರ್, ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್, ಬುಲ್ ಟೆರಿಯರ್, ಇವನ್ನೂ ಇವುಗಳ ಮಿಶ್ರತಳಿಗಳನ್ನೂ ಜರ್ಮನಿಗೆ ತಂದು ಸಾಕುವಂತಿಲ್ಲ. ಡೆನ್ಮಾರ್ಕಿನ ನಿಷೇಧದ ಪಟ್ಟಿ ಇನ್ನೂ ಉದ್ದ. ನಮ್ಮ ಮುಧೋಳ ನಾಯಿಗೆ ಜರ್ಮನಿಯ ಈ ತಡೆ ಇಲ್ಲ.

ದೇಶದಿಂದ ದೇಶಕ್ಕೆ

ಜರ್ಮನಿಯಿಂದ ಆಸ್ಟ್ರಿಯಾ, ಇಟಲಿ, ಫ್ರಾನ್ಸ್, ನೆದರ್‌ಲೆಂಡ್ಸ್‌ಗೆ ಹೋಗಲು ಹೊಸದಾಗಿ ಏನೂ ಬೇಡ. ಕಾಗದದ ಚೀಲ ಕಾರಿನಲ್ಲಿರಲಿ, ಸಾಕು. ಸ್ವಿಟ್ಜರ್‌ಲೆಂಡ್ ಒಕ್ಕೂಟದ ಹೊರಗಿದ್ದರೂ ರಸ್ತೆಯಲ್ಲಿ ಹೋದರೆ ಇವೇ ದಾಖಲೆಗಳು ನಡೆಯುತ್ತವೆ. ಭಾರತದಿಂದ ನೇರವಾಗಿ ಜ್ಯೂರಿಕ್‌ಗೆ ಹಾರುವವರು ಮಾತ್ರ ಮೊದಲೇ ಪರವಾನಗಿ ಪಡೆಯಬೇಕು. ಕಿವಿ ಅಥವಾ ಬಾಲ ಕತ್ತರಿಸಿದ ನಾಯಿಯನ್ನು ಅಲ್ಲಿಗೆ ತರುವುದಕ್ಕೆ ನಿರ್ಬಂಧವಿದೆ. ಡಾಬರ್‌ಮನ್ ಇರುವವರು ಗಮನಿಸಿ.

ಕೆಲವು ದೇಶಗಳಿಗೆ ಹೋದರೆ ಇನ್ನೊಂದು ನಿಯಮ ಎದುರಾಗುತ್ತದೆ. ಫಿನ್ಲೆಂಡ್, ನಾರ್ವೆ, ಐರ್ಲೆಂಡ್, ಮಾಲ್ಟಾ ದೇಶಗಳಲ್ಲಿ ಎಕಿನೊಕಾಕಸ್ ಎಂಬ ನರಿಯ ಲಾಡಿಹುಳು ಇಲ್ಲ. ಅದು ಮನುಷ್ಯರ ಯಕೃತ್ತಿಗೆ ಇಳಿದರೆ ಪ್ರಾಣಕ್ಕೇ ಅಪಾಯ. ಅದಕ್ಕಾಗಿ ಅಲ್ಲಿಗೆ ಹೋಗುವ ನಾಯಿಗಳಿಗೆ ಪ್ರಾಜಿಕ್ವಾಂಟೆಲ್ ಮಾತ್ರೆ ಕಡ್ಡಾಯ. ಬೆಕ್ಕಿಗೆ ಬೇಡ. ಒಳಗೆ ಕಾಲಿಡುವ ಹೊತ್ತಿಗೆ ಮಾತ್ರೆ ಕೊಟ್ಟು 24 ಗಂಟೆಗಿಂತ ಕಡಿಮೆಯೂ ಆಗಿರಬಾರದು, 120 ಗಂಟೆಗಿಂತ ಹೆಚ್ಚೂ ಆಗಿರಬಾರದು. ಮನೆಯಲ್ಲಿ ನಾವೇ ಕೊಟ್ಟರೆ ಲೆಕ್ಕಕ್ಕಿಲ್ಲ, ವೈದ್ಯರೇ ಕೊಟ್ಟು ದಿನಾಂಕ, ಗಂಟೆ ಬರೆದು ಮೊಹರು ಹಾಕಬೇಕು.

ಸ್ವೀಡನ್ನಿನಿಂದ ಹಡಗು ಹತ್ತಿ ಶನಿವಾರ ಬೆಳಗ್ಗೆ 7ಕ್ಕೆ ಫಿನ್ಲೆಂಡಿನ ಟುರ್ಕು ಮುಟ್ಟುವಿರಿ ಎಂದುಕೊಳ್ಳಿ. ಸೋಮವಾರ ಬೆಳಗ್ಗೆ 7ರಿಂದ ಶುಕ್ರವಾರ ಬೆಳಗ್ಗೆ 7ರೊಳಗೆ ಮಾತ್ರೆ ಆಗಿರಬೇಕು. ಹಡಗು ತಡವಾಗಬಹುದು, ದಾರಿಯಲ್ಲಿ ದವಾಖಾನೆ ಮುಚ್ಚಿರಬಹುದು. ಬುಧವಾರ ಕೊಡಿಸಿದರೆ ಎರಡೂ ಕಡೆ ಜಾಗ ಸಿಗುತ್ತದೆ. ಫಿನ್ಲೆಂಡಿನ ಉತ್ತರದಿಂದ ನೇರವಾಗಿ ನಾರ್ವೆಗೆ ದಾಟಿದರೆ ಇನ್ನೊಂದು ಮಾತ್ರೆ ಬೇಡ. ನಡುವೆ ಸ್ವೀಡನ್ ಹೊಕ್ಕು ಹೋದರೆ ಮತ್ತೆ ಬೇಕು.

ಬ್ರಿಟನ್ನಿಗೂ ಈ ಮಾತ್ರೆ ಬೇಕು. ಅಲ್ಲಿಗೆ ಹೋಗುವ ವಿಮಾನದಲ್ಲಿ ನಾಯಿಯನ್ನು ಕಾಲ ಬಳಿ ಇಟ್ಟುಕೊಳ್ಳಲು ಬಿಡುವುದಿಲ್ಲ, ಯೂರೋಸ್ಟಾರ್ ರೈಲೂ ಹತ್ತಿಸುವುದಿಲ್ಲ. ಫ್ರಾನ್ಸಿನ ಕಡೆಯಿಂದ ಕಾರನ್ನೇ ರೈಲಿಗೆ ಏರಿಸಿ ಕಡಲ ಸುರಂಗ ದಾಟುವುದು ನಾಯಿಗೆ ಹಿತವಾದ ದಾರಿ.

ಅಲ್ಲೇ ನೆಲೆಸುವವರು

ನಾಲ್ಕು ತಿಂಗಳು ಮುಗಿಯುವ ಮೊದಲು ಅಲ್ಲಿನ ವೈದ್ಯರ ಬಳಿ ಬೆಂಗಳೂರಿನ ಕಾಗದಗಳನ್ನೆಲ್ಲ ತೋರಿಸಿ ನಾಯಿಗೆ ಯುರೋಪಿಯನ್ ಪಾಸ್‌ಪೋರ್ಟ್ ಮಾಡಿಸಿ. ನೀಲಿ ಹೊದಿಕೆಯ ಪುಟ್ಟ ಪುಸ್ತಕ. ರಕ್ತಪರೀಕ್ಷೆಯ ಫಲಿತಾಂಶವನ್ನೂ ಅದರಲ್ಲಿ ಬರೆಸಲು ಮರೆಯಬೇಡಿ. ಯುರೋಪು ಬಿಟ್ಟು ಹೊರಡುವ ಮೊದಲೇ ಆ ಪರೀಕ್ಷೆ ಪಾಸಾಗಿ ಪಾಸ್‌ಪೋರ್ಟಿನಲ್ಲಿ ದಾಖಲಾಗಿದ್ದು, ಬೂಸ್ಟರ್ ಒಂದು ದಿನವೂ ತಪ್ಪದೆ ಬಿದ್ದಿದ್ದರೆ, ನಾಯಿ ಊರಿಗೆ ಹೋಗಿ ಮರಳುವಾಗ ಮೂರು ತಿಂಗಳ ಕಾಯುವಿಕೆ ಇರುವುದಿಲ್ಲ. ಭಾರತದೊಳಗೆ ಕರೆತರಲು ಎಕ್ಯೂಸಿಎಸ್‌ನ ಅನುಮತಿ ಬೇರೆ ಬೇಕು.

ಕರಿಯನ ಮುಂದಿನ ಬೂಸ್ಟರ್ ತಾರೀಖನ್ನು ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವಧಿ ಮುಗಿಯುವ ದಿನಕ್ಕಿಂತ ಮೂರು ವಾರ ಮೊದಲೇ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ.