ನರ್ಸ್ ದಿನಕ್ಕೆ ನೈಟಿಂಗೇಲರ ಗುಲಾಬಿ ನಕ್ಷೆ ಬಿಡಿಸುವ ಕ್ರಮ

ಮೇ 12ಕ್ಕೆ ಕಲಬುರಗಿಯ ನರ್ಸಿಂಗ್ ಕಾಲೇಜಿನ ಗೋಡೆಗೆ ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲರ ಚಿತ್ರ ಹಾಕುವವರು, ಪಕ್ಕದಲ್ಲಿ ಅವರು 1858ರಲ್ಲಿ ಅಚ್ಚು ಹಾಕಿಸಿದ ನಕ್ಷೆಯನ್ನೂ ಬಿಡಿಸಿ ಹಾಕಿ. ಬ್ರಿಟನ್ ಮತ್ತು ಮಿತ್ರರು ರಷ್ಯಾದೊಂದಿಗೆ ಹೋರಾಡಿದ ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಪೈಕಿ ಗಾಯಕ್ಕಿಂತ ರೋಗಕ್ಕೆ ಸತ್ತವರೇ ಎಷ್ಟೋ ಪಟ್ಟು ಹೆಚ್ಚೆಂದು ಅದು ಒಂದೇ ನೋಟಕ್ಕೆ ತಿಳಿಸುತ್ತದೆ. ಅವರ ಬದುಕಿನ ಕೆಲಸ ದೀಪಕ್ಕಿಂತ ಇದರಲ್ಲೇ ಚೆನ್ನಾಗಿ ಕಾಣುತ್ತದೆ.

56×71 ಸೆಂ.ಮೀ. ಡ್ರಾಯಿಂಗ್ ಶೀಟ್ ಅಡ್ಡಡ್ಡ ಇಟ್ಟು, ಎಡಕ್ಕೊಂದು ಬಲಕ್ಕೊಂದು ಕೇಂದ್ರ ಗುರುತಿಸಿ. ಒಂದು ಏಪ್ರಿಲ್ 1854ರಿಂದ ಮಾರ್ಚ್ 1855ಕ್ಕೆ, ಇನ್ನೊಂದು ಮುಂದಿನ ವರ್ಷಕ್ಕೆ. ಪ್ರತಿ ಕೇಂದ್ರದ ಸುತ್ತ 30 ಡಿಗ್ರಿಯಂತೆ 12 ಎಸಳು, ತಿಂಗಳಿಗೊಂದು.

ಲೆಕ್ಕ ಹೀಗೆ: ಸತ್ತವರು ÷ ಸೈನಿಕರು × 12 × 1000. ಅಂದರೆ, ಆ ತಿಂಗಳಂತೆಯೇ ವರ್ಷವಿಡೀ ನಡೆದರೆ ಸಾವಿರ ಸೈನಿಕರಿಗೆ ಎಷ್ಟು ಸಾವು ಎಂಬ ದರ. ಜನವರಿ 1855ರಲ್ಲಿ 32,393 ಸೈನಿಕರಲ್ಲಿ ರೋಗಕ್ಕೆ 2,761, ಗಾಯಕ್ಕೆ 83, ಇತರ ಕಾರಣಕ್ಕೆ 324 ಸಾವು. ದರ 1022.8, 30.7, 120. ಇವುಗಳ ವರ್ಗಮೂಲ ತೆಗೆದು ಅರ್ಧ ಮಾಡಿದರೆ ತ್ರಿಜ್ಯ: 16, 2.8, 5.5 ಸೆಂ.ಮೀ.

ಬಹಳ ಜನ ತಪ್ಪುವುದು ಇಲ್ಲೇ. ವರ್ಗಮೂಲ ಬಿಟ್ಟು ದರವನ್ನೇ ತ್ರಿಜ್ಯ ಮಾಡಿದರೆ, ರೋಗಕ್ಕೂ ಗಾಯಕ್ಕೂ ಇರುವ 33 ಪಟ್ಟಿನ ವ್ಯತ್ಯಾಸ ಕಣ್ಣಿಗೆ ಸಾವಿರ ಪಟ್ಟಿಗೂ ಮಿಕ್ಕಿ ಕಾಣುತ್ತದೆ, ಏಕೆಂದರೆ ಕಣ್ಣು ಅಳೆಯುವುದು ವಿಸ್ತೀರ್ಣವನ್ನು.

ಮೂರೂ ಎಸಳನ್ನು ಕೇಂದ್ರದಿಂದಲೇ ಎಳೆಯಿರಿ, ಒಂದರ ತುದಿಗೆ ಇನ್ನೊಂದು ಪೇರಿಸಬೇಡಿ. ರೋಗ ನೀಲಿ, ಗಾಯ ಕೆಂಪು, ಇತರೆ ಕಪ್ಪು. ದೊಡ್ಡದನ್ನು ಮೊದಲು, ಚಿಕ್ಕದನ್ನು ಕೊನೆಗೆ ತುಂಬಬೇಕು. ಈ ಕ್ರಮ ತಿಂಗಳಿಗೆ ತಿಂಗಳು ಬದಲಾಗುತ್ತದೆ: ನವೆಂಬರ್ 1854ರಲ್ಲಿ ಕೆಂಪು (287 ಸಾವು) ಕಪ್ಪಿಗಿಂತ (106 ಸಾವು) ದೊಡ್ಡದು, ಜನವರಿಯಲ್ಲಿ ತಿರುಗಮುರುಗ.

ಕಂಪಾಸ್ ಪೆಟ್ಟಿಗೆಯ ಕೈವಾರ 16 ಸೆಂ.ಮೀ.ಗೆ ಎಟುಕದು. ದಾರ ಕಟ್ಟಿ ಎಳೆದರೆ ಅದು ಹಿಗ್ಗುತ್ತದೆ. ರಟ್ಟಿನ ಪಟ್ಟಿಗೆ ಎರಡು ತೂತು ಹಾಕಿ, ಒಂದಕ್ಕೆ ಗುಂಡುಪಿನ್ನು, ಇನ್ನೊಂದಕ್ಕೆ ಪೆನ್ಸಿಲ್. ನಮ್ಮ ಮೇ ಬಿಸಿಲಿಗೆ ಸ್ಕೆಚ್ ಪೆನ್ ಬೇಗ ಒಣಗಿ ಗೆರೆಗೆರೆಯಾಗುತ್ತದೆ. ಬಣ್ಣದ ಪೆನ್ಸಿಲ್ ಮೇಲು. ಕೂಲರ್ ಎದುರಿನ ಗೋಡೆ ಬೇಡ, ತೇವಕ್ಕೆ ಕಾಗದ ಉಬ್ಬುತ್ತದೆ.

ಕೆಳಗೆ ಎರಡು ಸಾಲು ಬರೆಯಿರಿ. ನೈಟಿಂಗೇಲ್ ನವೆಂಬರ್ 1854ರಲ್ಲಿ ಸ್ಕುಟಾರಿಯ (ಇಂದಿನ ಇಸ್ತಾಂಬುಲ್‌ನ ಭಾಗ) ಸೇನಾ ಆಸ್ಪತ್ರೆಗೆ ಬಂದ ಮೇಲೂ ಸಾವು ಏರಿತ್ತು. ಮಾರ್ಚ್ 1855ರಲ್ಲಿ ಬಂದ ನೈರ್ಮಲ್ಯ ಆಯೋಗ ಚರಂಡಿ ತೊಳೆಸಿ, ಗಾಳಿಗೆ ದಾರಿ ಮಾಡಿದ ಬಳಿಕ ಬಹಳ ಇಳಿಯಿತು. ಜನವರಿ 1856ರ ನೀಲಿ ಎಸಳು ಬರೀ 1.7 ಸೆಂ.ಮೀ.

ಸಮಯವಿದ್ದರೆ ನಿಮ್ಮ ತಾಲ್ಲೂಕಿನ ವಾಂತಿಭೇದಿ ಲೆಕ್ಕಕ್ಕೂ ಇದೇ ನಕ್ಷೆ ಬಿಡಿಸಿ, ಆಳಂದವಿರಲಿ, ಜೇವರ್ಗಿಯಿರಲಿ. ರಿಜಿಸ್ಟರಿನಿಂದ ತಿಂಗಳ ಸಂಖ್ಯೆ ಸಾಕು, ರೋಗಿಗಳ ಹೆಸರು ಬೇಡ. ಆಯಾ ತಿಂಗಳ ಒಟ್ಟು ಓಪಿಡಿ (ಹೊರರೋಗಿಗಳ) ಸಂಖ್ಯೆಯಿಂದ ಭಾಗಿಸಲು ಮರೆಯದಿರಿ. ಇಲ್ಲದಿದ್ದರೆ ಜನ ಹೆಚ್ಚು ಬಂದ ತಿಂಗಳೇ ರೋಗದ ತಿಂಗಳಾಗಿ ಕಾಣುತ್ತದೆ.